ಸಸ್ಯಸುಗಂಧ ತೈಲಗಳೂ ಬೆಳೆಗಳ ದುಂಡಾಣು ರೋಗಗಳೂ : ಒಂದು ಚಾರಿತ್ರಿಕ ಪರಿಶೀಲನೆ

1. ಪ್ರವೇಶ

ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ ದಾಳಿಂಬೆ ತೋಟಗಳನ್ನು ಹಾಳುಗೆಡವಿದ ಒಂದು ರೋಗಕ್ಕೆ ಮರಾಠಿಯಲ್ಲಿ 'ತೇಲ್ಯಾ' ಎಂದು ಹೆಸರು. ತೇಲ್ ಎಂದರೆ ಎಣ್ಣೆ. ಎಲೆಯ ಮೇಲೆ ಮೊದಲಿಗೆ ಕಾಣಿಸಿಕೊಳ್ಳುವ, ನೀರು ತುಂಬಿದಂತಿರುವ ಚುಕ್ಕೆಯು ಎಣ್ಣೆ ತಾಗಿದ ಕಾಗದದಂತೆ ತೋರುವುದರಿಂದ ಈ ಹೆಸರು ಬಂದಿದೆ. ಕರ್ನಾಟಕದ ಕೃಷಿ ಸಾಹಿತ್ಯದಲ್ಲಿ ಇದೇ ರೋಗವು 'ದುಂಡಾಣು ಅಂಗಮಾರಿ' ಎಂದು ಪ್ರಸಿದ್ಧವಾಗಿದೆ. ಜತ್ತ, ಮಂಗಳವೇಢೆ, ಅಕ್ಕಲಕೋಟೆಗಳಂತಹ ಗಡಿ ತಾಲೂಕುಗಳ ಕನ್ನಡಿಗ ಬೆಳೆಗಾರನು ಈ ಎರಡು ಹೆಸರುಗಳ ನಡುವೆ ನಿಂತಿದ್ದಾನೆ.

ಎಣ್ಣೆಯ ಹೆಸರನ್ನೇ ಹೊತ್ತ ಈ ರೋಗಕ್ಕೆ ಎಣ್ಣೆಯೇ ಮದ್ದಾಗಬಲ್ಲದೆಂಬ ಮಾತು ಇತ್ತೀಚಿನ ದಶಕಗಳಲ್ಲಿ ಕೇಳಿಬರುತ್ತಿದೆ. ಲವಂಗ, ಓಮ, ನಿಂಬೆ ಹುಲ್ಲು, ದಾಲ್ಚಿನ್ನಿ ಮೊದಲಾದವುಗಳಿಂದ ಬಟ್ಟಿ ಇಳಿಸಿದ ಸುಗಂಧ ತೈಲಗಳು ರೋಗಾಣುಗಳನ್ನು ಕೊಲ್ಲುತ್ತವೆಂಬುದು ಪ್ರಯೋಗಶಾಲೆಗಳಲ್ಲಿ ಸಿದ್ಧವಾಗಿರುವ ಸಂಗತಿ. ಇದರ ಬೆನ್ನಿಗೇ ಇನ್ನೊಂದು ಮಾತೂ ಹುಟ್ಟಿಕೊಂಡಿದೆ: 'ಇದು ಹೊಸದೇನೂ ಅಲ್ಲ, ನಮ್ಮ ಪೂರ್ವಿಕರು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು.' ಈ ಎರಡನೆಯ ಮಾತಿಗೆ ಸಾಕ್ಷಿಯಾಗಿ ಸುರಪಾಲನ 'ವೃಕ್ಷಾಯುರ್ವೇದ'ವನ್ನೂ ಕನ್ನಡದ 'ಲೋಕೋಪಕಾರ'ವನ್ನೂ ಮುಂದೊಡ್ಡಲಾಗುತ್ತದೆ. ಈ ಹೇಳಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಸ್ಯಚಿಕಿತ್ಸೆ, ತೈಲನಿರ್ಮಾಣ, ಅಣುಜೀವಿವಿಜ್ಞಾನ ಎಂಬ ಮೂರು ಧಾರೆಗಳು ಬಹುಕಾಲ ಬೇರೆಬೇರೆಯಾಗಿಯೇ ಹರಿದು, ತೀರ ಈಚೆಗೆ ಒಂದೆಡೆ ಕೂಡಿದುವೆಂಬುದು ನಮ್ಮ ಪ್ರತಿಪಾದನೆ.

2. ಪದಗಳ ಸಾಕ್ಷ್ಯ

ಮೊದಲು ಪದಗಳನ್ನೇ ನೋಡೋಣ. ಕನ್ನಡದ 'ಎಣ್ಣೆ' ಎಂಬುದು ಎಳ್ + ನೆಯ್, ಅರ್ಥಾತ್ ಎಳ್ಳಿನ ಜಿಡ್ಡು. ಸಂಸ್ಕೃತದ 'ತೈಲ'ವು ತಿಲದಿಂದ ಬಂದುದು, ಅದೂ ಎಳ್ಳೇ. ಎರಡು ಭಾಷೆಗಳಲ್ಲಿಯೂ ಎಣ್ಣೆಯೆಂದರೆ ಮೂಲತಃ ಗಾಣದಲ್ಲಿ ಅರೆದು ಹಿಂಡಿದ, ಆರದೆ ಉಳಿಯುವ ಜಿಡ್ಡು. ಆವಿಯಾಗಿ ಹಾರಿಹೋಗುವ, ಬಟ್ಟೆಯ ಮೇಲೆ ಕಲೆಯುಳಿಸದ ಗಂಧಸಾರವು ರಾಸಾಯನಿಕವಾಗಿ ಬೇರೆಯದೇ ಆದ ವಸ್ತು. ಅದಕ್ಕೆ ನಮ್ಮಲ್ಲಿ ಬಳಕೆಗೆ ಬಂದ 'ಅತ್ತರು' ಎಂಬ ಪದವು ಅರಬ್ಬೀ ಮೂಲದ್ದು. ಆದುದರಿಂದ ಪ್ರಾಚೀನ ಗ್ರಂಥವೊಂದರಲ್ಲಿ 'ತೈಲ' ಎಂಬ ಶಬ್ದ ಕಂಡಾಕ್ಷಣ ಅದನ್ನು ಸುಗಂಧಸಾರವೆಂದು ಅರ್ಥೈಸುವುದು ಸರಿಯಾಗದು.

ಇನ್ನು 'ದುಂಡಾಣು'. ಬ್ಯಾಕ್ಟೀರಿಯ ಎಂಬ ಪದದ ಗ್ರೀಕ್ ಮೂಲಕ್ಕೆ ಸಣ್ಣ ಕೋಲು ಎಂದರ್ಥ. ದಾಳಿಂಬೆಯ ಅಂಗಮಾರಿಗೆ ಕಾರಣವಾದ ಕ್ಸಾಂಥೊಮೊನಾಸ್ ಜೀವಿಯೂ ಕೋಲಿನಾಕಾರದ್ದೇ, ತುದಿಯಲ್ಲಿ ಒಂದು ಬಾಲವುಳ್ಳದ್ದು. ಅಂದರೆ ಕೋಲಿನಂತಿರುವುದನ್ನು ನಮ್ಮ ಕೃಷಿ ಪರಿಭಾಷೆ ದುಂಡಗಿನದೆಂದು ಕರೆದಿದೆ. ಪದವು ರೂಢಿಯಲ್ಲಿ ನೆಲೆನಿಂತಿರುವುದರಿಂದ ಇಲ್ಲಿ ನಾವೂ ಅದನ್ನೇ ಬಳಸಿದ್ದೇವೆ. 'ಅಂಗಮಾರಿ' ಎಂಬುದರಲ್ಲಿ ಮಾತ್ರ ಹಳೆಯ ಅನುಭವವೊಂದರ ನೆನಪಿದೆ: ಊರಿಗೆ ಬರುವ ಮಾರಿಯಂತೆ ಗಿಡದ ಅಂಗಕ್ಕೆ ಬಂದ ಮಾರಿ. ಗ್ರಂಥಗಳಲ್ಲಿ ಹುಡುಕಬೇಕಾದುದು ಇಂತಹ ಅನುಭವವನ್ನೇ ಹೊರತು ಇಂದಿನ ರೋಗಾಣುವಿನ ಹೆಸರನ್ನಲ್ಲ.

3. ಗ್ರಂಥಗಳು ಹೇಳುವುದೇನು

ವರಾಹಮಿಹಿರನ 'ಬೃಹತ್ಸಂಹಿತೆ'ಯು ಆರನೆಯ ಶತಮಾನದ್ದು. ಅದರ ವೃಕ್ಷಾಯುರ್ವೇದ ಪ್ರಕರಣವು ಚಳಿ, ಗಾಳಿ, ಬಿಸಿಲುಗಳಿಂದ ಮರಕ್ಕೆ ರೋಗ ಬರುತ್ತದೆಂದು ಹೇಳಿ, ಎಲೆ ಬಿಳಿಚುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಸೋರುವುದು ಎಂಬ ಲಕ್ಷಣಗಳನ್ನು ಕೊಡುತ್ತದೆ. ಚಿಕಿತ್ಸೆಯ ಮೊದಲ ಹೆಜ್ಜೆ ಶಸ್ತ್ರದಿಂದ ರೋಗದ ಭಾಗವನ್ನು ಕತ್ತರಿಸಿ ಶುದ್ಧಿಗೊಳಿಸುವುದು. ಅನಂತರ ವಾಯುವಿಳಂಗ, ತುಪ್ಪ, ಕೆಸರುಗಳ ಲೇಪ. ಆಮೇಲೆ ಹಾಲು ಬೆರೆಸಿದ ನೀರು. ರೋಗಗ್ರಸ್ತ ಭಾಗವನ್ನು ಕತ್ತರಿಸಿ, ಗಾಯಕ್ಕೆ ಲೇಪ ಹಚ್ಚುವ ಈ ಕ್ರಮವು ಇಂದಿನ ತೋಟಗಾರಿಕೆಯೂ ಕೈಬಿಡದ ಕ್ರಮವೆಂಬುದು ಗಮನಾರ್ಹ.

ಸುರಪಾಲನ 'ವೃಕ್ಷಾಯುರ್ವೇದ'ವು ಸುಮಾರು ಕ್ರಿ.ಶ. 1000ದ ಕೃತಿಯೆಂದು ಪರಿಗಣಿತವಾಗಿದೆ. ಇದರ ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿತ್ತು. ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಷನ್ 1996ರಲ್ಲಿ ನಳಿನಿ ಸಾಧಲೆಯವರ ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸಿತು. 325 ಶ್ಲೋಕಗಳ ಈ ಕೃತಿಯು ಮರದ ರೋಗಗಳನ್ನು ವಾತ, ಪಿತ್ತ, ಕಫಗಳಿಂದ ಬಂದವು ಮತ್ತು ಹುಳು, ಚಳಿ ಮುಂತಾದ ಹೊರಗಿನ ಕಾರಣಗಳಿಂದ ಬಂದವು ಎಂದು ವಿಂಗಡಿಸುತ್ತದೆ. ಸಾಸಿವೆ, ಇಂಗು, ಬಜೆ, ಮೆಣಸು, ವಾಯುವಿಳಂಗಗಳು ಚಿಕಿತ್ಸಾದ್ರವ್ಯಗಳಾಗಿ ಮತ್ತೆ ಮತ್ತೆ ಬರುತ್ತವೆ. ಅವುಗಳ ಪ್ರಯೋಗ ಮಾತ್ರ ಹೊಗೆಯಾಗಿ, ಅರೆದ ಲೇಪವಾಗಿ, ಕಷಾಯವಾಗಿ.

ಕನ್ನಡದ ಮಟ್ಟಿಗೆ ಮುಖ್ಯವಾದುದು ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'. ಕಲ್ಯಾಣ ಚಾಲುಕ್ಯ ಎರಡನೆಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರಲ್ಲಿ ರಚಿತವಾದ ಈ ಗ್ರಂಥವು ನಿತ್ಯಜೀವನಕ್ಕೆ ಬೇಕಾದ ವಿದ್ಯೆಗಳ ಕೋಶ. ಇದರ ಮುದ್ರಣದ ಇತಿಹಾಸವೂ ಹೊರನಾಡಿನ ಓದುಗರಿಗೆ ಆಸಕ್ತಿಯದು: ಮೂಲವು 1950ರಲ್ಲಿ ಮದರಾಸಿನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಿಂದ ಹೊರಬಂದರೆ, ಇಂಗ್ಲಿಷ್ ಅನುವಾದವು 2006ರಲ್ಲಿ ಸಿಕಂದರಾಬಾದಿನಿಂದ ಬಂದಿತು. ಬಾವಿಗೆ ನೀರು ಕಾಣುವ ವಿದ್ಯೆ, ವೃಕ್ಷಾಯುರ್ವೇದ, ಸುಗಂಧದ್ರವ್ಯಗಳ ತಯಾರಿಕೆ, ಅಡುಗೆ, ವಿಷವೈದ್ಯ ಇವೆಲ್ಲವೂ ಈ ಒಂದೇ ಗ್ರಂಥದಲ್ಲಿ ಅಡಕವಾಗಿವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಿಡದ ಆರೈಕೆಯೂ ಸುಗಂಧದ ತಯಾರಿಕೆಯೂ ಒಬ್ಬನೇ ಗ್ರಂಥಕಾರನ ಕೈಯಲ್ಲಿವೆ. ಆದರೂ ಅವು ಎರಡು ಶಾಸ್ತ್ರಗಳಾಗಿಯೇ ಉಳಿದಿವೆ. ಗಂಧಯುಕ್ತಿಯು ಮೈ, ಉಡುಪು, ಮನೆ, ಪೂಜೆಗಳಿಗೆ ಸಂಬಂಧಿಸಿದ್ದು, ವೃಕ್ಷಾಯುರ್ವೇದವು ತೋಟಕ್ಕೆ. ಎಳ್ಳೆಣ್ಣೆಗೆ ಹೂವಿನ ಕಂಪು ಹಿಡಿಸುವ ವಿಧಾನವು ಆ ಕಾಲದ ಗಂಧಶಾಸ್ತ್ರದ ಬಗೆ. ಹಬೆಯಿಂದ ಗಂಧಸಾರವನ್ನು ಬೇರ್ಪಡಿಸಿ ಅದನ್ನು ಬೆಳೆಯ ರೋಗಕ್ಕೆ ಪ್ರಯೋಗಿಸಬೇಕೆಂಬ ಕಲ್ಪನೆಯನ್ನು ಈ ಪರಂಪರೆಯ ಮೇಲೆ ನಾವು ಹೊರಿಸಲಾಗದು. ಉಪಖಂಡದಲ್ಲಿ ಬಟ್ಟಿ ಇಳಿಸುವ ವಿದ್ಯೆ ಪ್ರಾಚೀನವೇ ಆಗಿದ್ದರೂ ಅದು ರಸಶಾಸ್ತ್ರ, ಮದ್ಯ, ಅತ್ತರುಗಳ ದಾರಿಯಲ್ಲಿ ಬೆಳೆಯಿತು. ಗುಲಾಬಿ ಅತ್ತರಿನ ಶೋಧವನ್ನು ಜಹಾಂಗೀರನು ತನ್ನ ಆತ್ಮಚರಿತೆಯಲ್ಲಿ ನೂರ್ ಜಹಾನಳ ತಾಯಿಗೆ ಸಲ್ಲಿಸಿದ್ದಾನೆ. ಅದು ಅಂತಃಪುರದ ಮಾತು, ಹೊಲದ್ದಲ್ಲ.

ಹಾಗೆಂದು ಗ್ರಂಥಗಳ ಪರಿಹಾರಗಳನ್ನು ತಳ್ಳಿಹಾಕುವುದೂ ತಪ್ಪು. ಸಾಸಿವೆಯನ್ನೇ ತೆಗೆದುಕೊಳ್ಳಬಹುದು. ಅದರ ಘಾಟಿಗೆ ಕಾರಣವಾದ ಆವಿಶೀಲ ತೈಲವು ಇಡೀ ಕಾಳಿನಲ್ಲಿ ಸಿದ್ಧವಾಗಿರುವುದಿಲ್ಲ. ಕಾಳನ್ನು ನೀರಿನೊಡನೆ ಅರೆದಾಗ ಕಿಣ್ವವೊಂದು ವರ್ತಿಸಿ ಅದು ಹುಟ್ಟುತ್ತದೆ. ಈ ತೈಲವು ಅಣುಜೀವಿಗಳಿಗೆ ಮಾರಕವೆಂಬುದು ಈಗ ನಿಸ್ಸಂದೇಹ. 1990ರ ದಶಕದಲ್ಲಿ ಆಸ್ಟ್ರೇಲಿಯದ ಸಂಶೋಧಕರು ಸಾಸಿವೆ ಕುಲದ ಬೆಳೆಗಳನ್ನು ಮಣ್ಣಿಗೆ ಸೇರಿಸಿ ರೋಗ ನಿಗ್ರಹಿಸುವ ಪದ್ಧತಿಗೆ 'ಜೈವಿಕ ಧೂಮೀಕರಣ'ವೆಂಬ ಅರ್ಥದ ಹೆಸರಿಟ್ಟರು. ಬುಡಕ್ಕೆ ಸಾಸಿವೆಯ ಲೇಪ ಹಾಕಿದ ತೋಟಗಾರನು ಸಾರತೈಲವನ್ನು ತಿಳಿಯದೆಯೇ ಬಳಸಿದ್ದನೆನ್ನಬಹುದು. ಆದರೆ ತಿಳಿಯದೆ ಬಳಸುವುದಕ್ಕೂ ತಿಳಿದು ಬಳಸುವುದಕ್ಕೂ ನಡುವಣ ಅಂತರವನ್ನು ಇತಿಹಾಸಕಾರನು ಅಳಿಸಿಹಾಕಬಾರದು.

4. ಒಂದು ದಶಕದ ಮೂರು ಶೋಧಗಳು

ಗಿಡಗಳಿಗೂ ದುಂಡಾಣುಗಳಿಂದ ರೋಗ ಬರುತ್ತದೆಂಬ ತಿಳಿವು ಒಂದೂವರೆ ಶತಮಾನದಷ್ಟೂ ಹಳೆಯದಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ತಾಮಸ್ ಬರಿಲ್ 1878ರಿಂದ ಮೊದಲ್ಗೊಂಡು ಪೇರು ಮರದ ಬೆಂಕಿರೋಗಕ್ಕೆ ದುಂಡಾಣುವೇ ಕಾರಣವೆಂದು ಪ್ರತಿಪಾದಿಸಿದನು. ಇದನ್ನು ವಿದ್ವಲ್ಲೋಕ ಸುಲಭವಾಗಿ ಒಪ್ಪಲಿಲ್ಲ. ಜರ್ಮನಿಯ ಆಲ್ಫ್ರೆಡ್ ಫಿಷರ್‌ಗೂ ಅಮೆರಿಕದ ಅರ್ವಿನ್ ಸ್ಮಿತ್‌ಗೂ 1897ರಿಂದ 1901ರವರೆಗೆ ನಡೆದ ವಾಗ್ವಾದದ ಬಳಿಕವಷ್ಟೇ ಈ ಸಿದ್ಧಾಂತ ನೆಲೆಗೊಂಡಿತು.

ಅದೇ ಅವಧಿಯಲ್ಲಿ ಇನ್ನೊಂದೆಡೆ ಸುಗಂಧ ತೈಲಗಳ ರೋಗಾಣುನಾಶಕ ಗುಣವು ಪರೀಕ್ಷೆಗೊಳಗಾಗುತ್ತಿತ್ತು. 1881ರಲ್ಲಿ ರಾಬರ್ಟ್ ಕಾಕ್ ಸೋಂಕುನಾಶಕಗಳನ್ನು ಕುರಿತ ತನ್ನ ಪ್ರಬಂಧದಲ್ಲಿ ಟರ್ಪೆಂಟೈನ್ ಮೊದಲಾದ ತೈಲಗಳನ್ನೂ ಪರಿಗಣಿಸಿದನು. ರೋಗಾಣುವಿನ ಬೆಳವಣಿಗೆಯನ್ನು ತಡೆಯುವುದು ಬೇರೆ, ಅದನ್ನು ಕೊಲ್ಲುವುದು ಬೇರೆ ಎಂದು ಅವನು ಮಾಡಿದ ವಿಭಾಗ ಇಂದಿಗೂ ಮೂಲಭೂತವಾದುದು. 1887ರಲ್ಲಿ ಪ್ಯಾಸ್ಚರ್‌ನ ಸಹೋದ್ಯೋಗಿ ಷಾರ್ಲ್ ಷಾಂಬರ್ಲಾನ್ ಹಲವು ತೈಲಗಳನ್ನು ನೆರಡಿ ರೋಗದ ದುಂಡಾಣುವಿನ ಮೇಲೆ ಪ್ರಯೋಗಿಸಿ, ದಾಲ್ಚಿನ್ನಿಯ ತೈಲದ ಶಕ್ತಿಯನ್ನು ಎತ್ತಿತೋರಿಸಿದನು. ಇವೆರಡರ ನಡುವೆ, 1885ರಲ್ಲಿ, ಫ್ರಾನ್ಸಿನ ಮಿಲಾರ್ಡೆ ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಕಟಪಡಿಸಿದನು.

ಹೀಗೆ ರೋಗ, ತೈಲ, ಸಿಂಪರಣೆ ಎಂಬ ಮೂರು ಅರಿವುಗಳೂ ಒಂದೇ ದಶಕದ ಆಚೀಚೆ ಒದಗಿದ್ದುವು. ಆದರೂ ಸುಗಂಧ ತೈಲವು ತೋಟಕ್ಕೆ ಬರಲಿಲ್ಲ. ಕಾರಣವನ್ನು ಬಹುಶಃ ಬೆಲೆಯಲ್ಲಿ ಹುಡುಕಬೇಕು. ಮೈಲುತುತ್ತ ಅಗ್ಗ, ನೀರಿನಲ್ಲಿ ಕರಗುತ್ತದೆ, ಸುಣ್ಣದೊಡನೆ ಸೇರಿ ಎಲೆಗೆ ಅಂಟಿಕೊಳ್ಳುತ್ತದೆ. ಗಂಧಸಾರವಾದರೋ ದುಬಾರಿ, ನೀರಿಗೆ ಬೆರೆಯದು, ಬಿಸಿಲಿಗೆ ಹಾರಿಹೋಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗಕ್ಕೆ ಬಳಕೆಗೆ ತಂದದ್ದೂ ಬೋರ್ಡೋ ದ್ರಾವಣವನ್ನೇ. ಅದು ದುಂಡಾಣು ರೋಗವಲ್ಲವಾದರೂ, ಮಲೆನಾಡಿನ ರೈತನಿಗೆ ಸಿಂಪರಣೆಯೆಂದರೆ ತಾಮ್ರವೆಂಬ ರೂಢಿ ನೆಲೆಗೊಂಡಿತು.

5. ತೈಲದ ವ್ಯಾಪಾರ : ಓಮ, ರೋಷಾ, ಶ್ರೀಗಂಧ

ಸುಗಂಧ ತೈಲಗಳ ಆಧುನಿಕ ಚರಿತ್ರೆಯಲ್ಲಿ ಭಾರತದ ಪಾತ್ರ ಬಹುಮಟ್ಟಿಗೆ ಕಚ್ಚಾ ಸರಕು ಒದಗಿಸುವವನದು. ಓಮದ ಕಾಳಿನಿಂದ ಥೈಮಾಲ್ ದೊರೆಯುತ್ತದೆ. ಒಂದನೆಯ ಮಹಾಯುದ್ಧದ ಮುನ್ನ ಇಲ್ಲಿನ ಓಮ ಬಹುವಾಗಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಆಗುತ್ತಿತ್ತು. ಖಾನದೇಶ ಮತ್ತು ನಿಮಾಡ ಪ್ರದೇಶಗಳ ರೋಷಾ ಹುಲ್ಲಿನ ಎಣ್ಣೆ ಮುಂಬಯಿ ಬಂದರಿನಿಂದ ಹೊರಟು ತುರ್ಕಿಯನ್ನು ತಲುಪಿ, ಬಲ್ಗೇರಿಯದ ಗುಲಾಬಿ ಅತ್ತರಿಗೆ ಕಲಬೆರಕೆಯಾಗುತ್ತಿತ್ತು. ಹಾಗಾಗಿಯೇ ಅದಕ್ಕೆ ಯುರೋಪಿನಲ್ಲಿ 'ತುರ್ಕಿಯ ಜೆರೇನಿಯಂ ಎಣ್ಣೆ' ಎಂಬ ತಪ್ಪು ಹೆಸರು ಅಂಟಿಕೊಂಡಿತು.

ಮೈಸೂರಿನ ಶ್ರೀಗಂಧದ ಕತೆಯೂ ಇದೇ ಜಾಡಿನದು. ಹರಾಜಾದ ಗಂಧದ ಮರ ಜರ್ಮನಿಗೆ ಸಾಗುತ್ತಿತ್ತು. 1914ರ ಯುದ್ಧದಿಂದ ಆ ಮಾರುಕಟ್ಟೆ ಮುಚ್ಚಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಯೋಗಗಳ ಆಧಾರದ ಮೇಲೆ ಸಂಸ್ಥಾನವೇ 1916ರಲ್ಲಿ ಬೆಂಗಳೂರಿನಲ್ಲಿ ತೈಲ ತೆಗೆಯಲು ತೊಡಗಿತು, ಮರುವರ್ಷ ಮೈಸೂರಿನಲ್ಲಿ. ಈ ತೈಲವು ಸೌಂದರ್ಯಸಾಧನವಷ್ಟೇ ಆಗಿರಲಿಲ್ಲ; ಮೂತ್ರನಾಳದ ಸೋಂಕಿಗೆ ಔಷಧವಾಗಿಯೂ ಯುರೋಪಿನಲ್ಲಿ ಸಲ್ಲುತ್ತಿತ್ತು.

ಆದರೆ ಸುಗಂಧದ ಈ ಮರವೇ ಒಂದು ರೋಗಕ್ಕೆ ತುತ್ತಾಗಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲಿಗೆ ಗುರುತಿಸಲ್ಪಟ್ಟ 'ಸ್ಪೈಕ್' ರೋಗವು ಗಂಧದ ಕಾಡುಗಳನ್ನು ಬರಿದುಮಾಡಿತು. ವೈರಸ್ಸೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. 1969ರಲ್ಲಿ, ಕೋಶಭಿತ್ತಿಯಿಲ್ಲದ ಒಂದು ಬಗೆಯ ದುಂಡಾಣು, ಇಂದು ಫೈಟೊಪ್ಲಾಸ್ಮ ಎನ್ನಿಸಿಕೊಂಡಿರುವುದು, ರೋಗಿ ಮರಗಳಲ್ಲಿ ಪತ್ತೆಯಾಯಿತು. ತನ್ನೊಡಲಲ್ಲಿ ಇಷ್ಟು ತೈಲವಿದ್ದೂ ಗಂಧದ ಮರವೇಕೆ ತನ್ನನ್ನು ಕಾಪಾಡಿಕೊಳ್ಳಲಾರದು? ಉತ್ತರ ಸರಳ. ತೈಲವಿರುವುದು ಚೇಗಿನಲ್ಲಿ, ರೋಗಾಣು ವಾಸಿಸುವುದು ತೊಗಟೆಯೊಳಗಣ ಆಹಾರನಾಳಗಳಲ್ಲಿ. ಮದ್ದು ಇರುವ ಜಾಗಕ್ಕೂ ರೋಗವಿರುವ ಜಾಗಕ್ಕೂ ಸಂಪರ್ಕವಿಲ್ಲ. ಟೆಟ್ರಸೈಕ್ಲಿನ್ ಜೀವಿರೋಧಕವನ್ನು ಕಾಂಡಕ್ಕೆ ಊಡಿದಾಗಲೂ ಲಕ್ಷಣಗಳು ತಾತ್ಕಾಲಿಕವಾಗಿ ಮರೆಯಾದುವೇ ಹೊರತು ಮರ ಗುಣವಾಗಲಿಲ್ಲ. ಸಾರತೈಲಗಳ ಚರ್ಚೆಯಲ್ಲಿ ಈ ಉದಾಹರಣೆಯನ್ನು ಮರೆಯಲಾಗದು: ಗುಣವುಳ್ಳ ವಸ್ತು ಇದ್ದರೆ ಸಾಲದು, ಅದು ತಲುಪಬೇಕಾದಲ್ಲಿಗೆ ತಲುಪಬೇಕು.

6. ಜೀವಿರೋಧಕಗಳ ಕಾಲ

ಭಾರತದಲ್ಲಿ ಸಸ್ಯ ದುಂಡಾಣುಗಳ ವ್ಯವಸ್ಥಿತ ಅಧ್ಯಯನಕ್ಕೆ ಪುಣೆಯ ಕೃಷಿ ಕಾಲೇಜು ಮುಖ್ಯ ಕೇಂದ್ರವಾಯಿತು. 1940 ಮತ್ತು 50ರ ದಶಕಗಳಲ್ಲಿ ಎಂ.ಕೆ. ಪಟೇಲ್ ಮತ್ತು ಸಂಗಡಿಗರು ಕ್ಸಾಂಥೊಮೊನಾಸ್ ಗುಂಪಿನ ಅನೇಕ ಹೊಸ ರೋಗಾಣುಗಳನ್ನು ವರ್ಣಿಸಿದರು. ದಾಳಿಂಬೆಯ ರೋಗ 1952ರಲ್ಲಿ ದೆಹಲಿಯಿಂದ ವರದಿಯಾಯಿತು. ಆಗ ಅದಕ್ಕೆ ಹೆಚ್ಚಿನ ಮಹತ್ವವಿರಲಿಲ್ಲ. 1990ರ ದಶಕದಿಂದೀಚೆಗೆ ಕರ್ನಾಟಕದಲ್ಲಿಯೂ ಅನಂತರ ಮಹಾರಾಷ್ಟ್ರದಲ್ಲಿಯೂ ಅದು ಉಗ್ರರೂಪ ತಾಳಿತು. ಹಣ್ಣಿನ ಸಿಪ್ಪೆ ಕಪ್ಪುಚುಕ್ಕೆಗೊಂಡು ಸೀಳುತ್ತದೆ. ಸೀಳಿದ ಹಣ್ಣಿಗೆ ಮಾರುಕಟ್ಟೆಯಿಲ್ಲ. ಸಾಲ ಮಾಡಿ ನೆಟ್ಟ ತೋಟಗಳನ್ನು ಬೆಳೆಗಾರರು ತಾವೇ ಕಿತ್ತೆಸೆಯಬೇಕಾಯಿತು. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನ ಕೇಂದ್ರ ಸ್ಥಾಪಿತವಾದುದಕ್ಕೆ ಈ ಬೆಳೆ ಒಣಪ್ರದೇಶದಲ್ಲಿ ಗಳಿಸಿದ್ದ ಮಹತ್ವವೇ ಹಿನ್ನೆಲೆ.

ಈ ನಡುವೆ 1943ರಲ್ಲಿ ಕಂಡುಹಿಡಿಯಲ್ಪಟ್ಟ ಸ್ಟ್ರೆಪ್ಟೊಮೈಸಿನ್ 1950ರ ದಶಕದಿಂದ ಹೊಲಕ್ಕೂ ಬಂದಿತ್ತು. ಭಾರತದಲ್ಲಿ ಅದನ್ನು ಟೆಟ್ರಸೈಕ್ಲಿನ್ನಿನೊಡನೆ ಬೆರೆಸಿದ 'ಸ್ಟ್ರೆಪ್ಟೊಸೈಕ್ಲಿನ್' ಪುಡಿ ಭತ್ತ, ಹತ್ತಿ, ಲಿಂಬೆ, ದಾಳಿಂಬೆಗಳಿಗೆ ಮನೆಮಾತಾಯಿತು. ಕ್ಷಯರೋಗಿಯ ಔಷಧವೇ ಎಲೆಗೂ ಸಿಂಪಡಣೆಯಾಯಿತೆಂಬುದು ಇದರ ಅರ್ಥ. ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗದ ಬೆಂಕಿರೋಗದ ತಳಿ 1971ರಲ್ಲಿಯೇ ಕ್ಯಾಲಿಫೋರ್ನಿಯದಿಂದ ವರದಿಯಾಗಿತ್ತು. ಮನುಷ್ಯರ ರೋಗಾಣುಗಳೂ ಹೀಗೆ ನಿರೋಧ ಗಳಿಸಿಕೊಳ್ಳಬಹುದೆಂಬ ಆತಂಕ ಬೆಳೆದು, 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಈ ಎರಡು ಜೀವಿರೋಧಕಗಳ ಕೃಷಿ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಹೊರಡಿಸಿತು. ಸುಗಂಧ ತೈಲಗಳ ಮಾತಿಗೆ ಈಗ ಬಂದಿರುವ ತುರ್ತು ಇದರಿಂದ. ಅದು ಪರಂಪರೆಯ ಪುನರುತ್ಥಾನವೆಂಬುದಕ್ಕಿಂತ ಮಿಗಿಲಾಗಿ, ಕೈಯಲ್ಲಿದ್ದ ಮದ್ದು ಜಾರಿಹೋಗುತ್ತಿರುವ ಸಂಕಟದ ಫಲ.

7. ಧಾರೆಗಳ ಸಂಗಮ ಮತ್ತು ಅದರ ಮಿತಿ

1987ರಲ್ಲಿ ಡೀನ್ಸ್ ಮತ್ತು ರಿಚಿ ಎಂಬ ಸಂಶೋಧಕರು 50 ಸಸ್ಯತೈಲಗಳನ್ನು 25 ಜಾತಿಯ ದುಂಡಾಣುಗಳ ಮೇಲೆ ಒರೆಹಚ್ಚಿದರು. 1999ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು ಬೆಳೆಗಳ ಕ್ಸಾಂಥೊಮೊನಾಸ್ ತಳಿಗಳ ಮೇಲೆ ಹಲವು ಸಸ್ಯಗಳ ಸತ್ವಗಳ ಪರಿಣಾಮವನ್ನು ಪ್ರಕಟಿಸಿದರು. ಇವು ಸತ್ವಗಳೇ ಹೊರತು ಬಟ್ಟಿ ಇಳಿಸಿದ ತೈಲಗಳಲ್ಲವೆಂಬ ವ್ಯತ್ಯಾಸವನ್ನು ಉಲ್ಲೇಖಿಸುವವರು ಅನೇಕ ವೇಳೆ ಮರೆಯುತ್ತಾರೆ.

ತೈಲದ ಕಾರ್ಯವಿಧಾನ ಈಗ ಸಾಕಷ್ಟು ಸ್ಪಷ್ಟವಾಗಿದೆ. ಓಮದ ಥೈಮಾಲ್, ಲವಂಗದ ಯೂಜಿನಾಲ್ ಮುಂತಾದವು ಜಿಡ್ಡಿನಲ್ಲಿ ಕರಗುವಂತಹವು. ದುಂಡಾಣುವಿನ ಕೋಶಪೊರೆಯಲ್ಲಿ ಸೇರಿಕೊಂಡು ಅವು ಅದನ್ನು ಸಡಿಲಿಸುತ್ತವೆ. ಒಳಗಣ ಪೊಟ್ಯಾಸಿಯಂ ಮೊದಲಾದವು ಹೊರಸೋರಿ ಜೀವಿ ಶಕ್ತಿಗುಂದುತ್ತದೆ. ಆದರೆ ಕ್ಸಾಂಥೊಮೊನಾಸ್, ರಾಲ್ಸ್ಟೋನಿಯಗಳಂತಹ ಗ್ರಾಂ-ಋಣ ದುಂಡಾಣುಗಳಿಗೆ ಮತ್ತೊಂದು ಹೊರಪೊರೆಯಿದ್ದು, ಅದು ಜಿಡ್ಡಿನ ಪದಾರ್ಥಗಳ ಪ್ರವೇಶವನ್ನು ನಿಧಾನಗೊಳಿಸುತ್ತದೆ. ಬೆಳೆಗಳ ಮುಖ್ಯ ದುಂಡಾಣು ರೋಗಗಳಲ್ಲಿ ಹೆಚ್ಚಿನವು ಈ ಗುಂಪಿನವೇ ಆಗಿರುವುದು ತೊಡಕಿನ ವಿಷಯ.

ಹೊಲದ ಪ್ರಯೋಗಗಳಲ್ಲಿ ಗಮನಾರ್ಹವಾದವು ಫ್ಲಾರಿಡದಲ್ಲಿ ಟೊಮೆಟೊದ ಸೊರಗು ರೋಗದ ಮೇಲೆ ನಡೆದು 2005ರಲ್ಲಿ ಪ್ರಕಟವಾದುವು. ನಾಟಿಗೆ ಮುಂಚೆ ಮಣ್ಣಿಗೆ ಥೈಮಾಲ್ ಸೇರಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ದಿನ ಬಿಟ್ಟಾಗ ರೋಗ ಗಣನೀಯವಾಗಿ ತಗ್ಗಿತು. ಅದೇ ತಂಡವು ಪರೀಕ್ಷಿಸಿದ ತೈಲಗಳಲ್ಲಿ ರೋಷಾ ಹುಲ್ಲಿನದೂ ನಿಂಬೆ ಹುಲ್ಲಿನದೂ ಇದ್ದುವು. ಒಂದು ಕಾಲಕ್ಕೆ ಗುಲಾಬಿ ಅತ್ತರಿನ ಕಲಬೆರಕೆಗೆಂದು ಮುಂಬಯಿಯಿಂದ ಹೊರಟ ಎಣ್ಣೆ ಹೀಗೆ ಬೆಳೆಯ ಮದ್ದಿನ ಪಟ್ಟಿಗೆ ಸೇರಿತು. ಇಲ್ಲಿಯ ಯಶಸ್ಸಿನ ಗುಟ್ಟು ಹಾಳೆಯ ಮುಚ್ಚಿಗೆಯಲ್ಲಿದೆ. ತೆರೆದ ಮರದ ಎಲೆಯ ಮೇಲೆ ತೈಲವು ಹೊತ್ತು ಏರುವುದರೊಳಗೆ ಆರಿಹೋಗುತ್ತದೆ. ಪ್ರಮಾಣ ಹೆಚ್ಚಿಸಿದರೆ ಎಲೆಯೇ ಸುಡುತ್ತದೆ. ತಳಿ, ಮಣ್ಣು, ಕೊಯ್ಲಿನ ಕಾಲಗಳಿಗನುಗುಣವಾಗಿ ತೈಲದ ಘಟಕಗಳೂ ಬದಲಾಗುತ್ತವೆ. ಗಾಜಿನ ತಟ್ಟೆಯಲ್ಲಿ ಕಂಡ ಫಲವನ್ನು ತೋಟಕ್ಕೆ ಆರೋಪಿಸುವಾಗ ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

8. ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಪ್ರಾಚೀನ ಗ್ರಂಥಗಳು ಗಂಧದ್ರವ್ಯಗಳನ್ನು ಮರದ ಚಿಕಿತ್ಸೆಗೆ ಬಳಸಿದ್ದುವು. ಆದರೆ ಬಟ್ಟಿ ಇಳಿಸಿದ ತೈಲವನ್ನಲ್ಲ, ದುಂಡಾಣುವನ್ನು ಉದ್ದೇಶಿಸಿಯೂ ಅಲ್ಲ. ತೈಲಗಳ ರೋಗಾಣುನಾಶಕ ಗುಣ 1880ರ ದಶಕದಲ್ಲಿಯೇ ತಿಳಿದಿದ್ದರೂ, ತಾಮ್ರದ ಅಗ್ಗ ಮತ್ತು ಜೀವಿರೋಧಕಗಳ ಬೆರಗು ಅವುಗಳನ್ನು ಒಂದು ಶತಮಾನ ಹಿಂದಕ್ಕೆ ತಳ್ಳಿದುವು. ಇಂದು ಅವುಗಳಿಗೆ ನ್ಯಾಯವಾಗಿ ಸಲ್ಲಬಹುದಾದ ಸ್ಥಾನವು ಬೀಜೋಪಚಾರ, ಸಸಿಮಡಿ, ಮುಚ್ಚಿದ ಮಣ್ಣುಗಳಂತಹ ಕಡೆ. ದಾಳಿಂಬೆಯ ಅಂಗಮಾರಿಯು ಸೋಂಕಿನ ಸಸಿಗಳಿಂದ, ಗಾಳಿಮಳೆಯಿಂದ, ತೊಳೆಯದ ಕತ್ತರಿಯಿಂದ ಹರಡುವ ರೋಗ. ಆರೋಗ್ಯವಂತ ಸಸಿ, ರೋಗದ ಕೊಂಬೆಯ ಸವರಿಕೆ, ಉಪಕರಣಗಳ ಶುದ್ಧಿ, ಮಳೆಗಾಲದ ಚಾಟನಿಯನ್ನು ತಪ್ಪಿಸುವುದು ಇವುಗಳ ಬದಲಿಗೆ ಯಾವ ಎಣ್ಣೆಯೂ ನಿಲ್ಲಲಾರದು.

ಈ ವಿವೇಚನೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. 'ಲೋಕೋಪಕಾರ'ದಲ್ಲಿದೆ ಎಂಬ ಒಂದು ಮಾತನ್ನು ಶೀಷೆಯ ಮೇಲೆ ಅಚ್ಚು ಹಾಕಿದರೆ ನಂಬಿ ಕೊಳ್ಳುವವನು ಬೆಳೆಗಾರ. ಫಲಿಸದಿದ್ದರೆ ನಷ್ಟ ಹೊರುವವನೂ ಅವನೇ. ಗ್ರಂಥದಲ್ಲಿ ಏನಿದೆಯೆಂಬುದನ್ನು ಇದ್ದಂತೆ ಹೇಳುವುದು ಆದಕಾರಣ ನಮ್ಮಂತಹ ಪೀಠಗಳ ಹೊಣೆ. ಈ ದಿಸೆಯಲ್ಲಿ ಎರಡು ಕೆಲಸಗಳು ನಮಗೆ ಅವಶ್ಯವೆಂದು ತೋರುತ್ತವೆ. ಮೊದಲನೆಯದು, ಲೋಕೋಪಕಾರದ ವೃಕ್ಷಾಯುರ್ವೇದ ಭಾಗವನ್ನು ಸುರಪಾಲ ಮತ್ತು ವರಾಹಮಿಹಿರರ ಪಾಠಗಳೊಡನೆ ಪದಶಃ ಹೋಲಿಸಿ, ದ್ರವ್ಯನಾಮಗಳಿಗೆ ಸಸ್ಯಶಾಸ್ತ್ರಜ್ಞರ ನೆರವಿನಿಂದ ಟಿಪ್ಪಣಿ ಬರೆಯುವುದು. ಎರಡನೆಯದು, ಸೊಲ್ಲಾಪುರ, ಸಾಂಗಲಿ, ಅನಂತಪುರ ಮುಂತಾದ ಗಡಿ ಜಿಲ್ಲೆಗಳ ಕನ್ನಡಿಗ ರೈತರಲ್ಲಿ ಬಳಕೆಯಲ್ಲಿರುವ ರೋಗನಾಮಗಳನ್ನೂ ಉಪಚಾರಗಳನ್ನೂ, ನೆರೆಭಾಷೆಗಳ ಹೆಸರುಗಳೊಡನೆ ಸಂಗ್ರಹಿಸುವುದು. ಎಲೆಯ ಮೇಲಿನ ಚುಕ್ಕೆಯಲ್ಲಿ ಎಣ್ಣೆಯ ಹೊಳಪನ್ನು ಮೊದಲು ಕಂಡು ಹೆಸರಿಟ್ಟವನು ರೈತ. ಅವನ ಆ ನೋಟವೂ ಈ ಚರಿತ್ರೆಯ ಒಂದು ಆಕರವೇ.